ತೋಟದ ಮಾಲಿಯ ಮಗ ಮತ್ತೆ ಬರಲಿಲ್ಲ

'ಪಾತಾಳ ಭೈರವಿ'ಯ ನಾಯಕನಿಗೆ ರಾಜ್ಯವಿರಲಿಲ್ಲ, ಸೈನ್ಯವಿರಲಿಲ್ಲ, ಹೇಳಿಕೊಳ್ಳುವಂಥ ಮನೆತನವೂ ಇರಲಿಲ್ಲ. ಉಜ್ಜಯಿನಿಯ ಒಬ್ಬ ಮಾಲಿಯ ಮಗ. ಹೆಸರೇ ತೋಟ ರಾಮುಡು. ರಾಜಕುಮಾರಿ ಇಂದುಮತಿಗೆ ಮನಸೋತು, ಅರಮನೆಯೊಳಗೆ ನುಗ್ಗಿ ಸಿಕ್ಕಿಬಿದ್ದಾಗ ಇವನ ಕಥೆ ಇಲ್ಲಿಗೇ ಮುಗಿಯಿತು ಅನ್ನಿಸುತ್ತದೆ. ಆದರೆ ರಾಜ ಒಂದು ಷರತ್ತು ಹಾಕುತ್ತಾನೆ: ನನ್ನಷ್ಟೇ ಸಿರಿವಂತನಾಗಿ ಬಾ, ಮಗಳನ್ನು ಕೊಡುತ್ತೇನೆ. ಹುಡುಗ ಗೆಳೆಯ ಅಂಜಿಯನ್ನು ಕಟ್ಟಿಕೊಂಡು ಹೊರಟೇಬಿಡುತ್ತಾನೆ.

1951ರ ಮಾರ್ಚ್‌ನಲ್ಲಿ ಮದ್ರಾಸಿನ ವಿಜಯಾ ಸಂಸ್ಥೆ ತೆರೆಗೆ ತಂದ ತೆಲುಗು ಚಿತ್ರ ಇದು. ತಮಿಳಿನಲ್ಲೂ ಬಂತು. ನಿರ್ದೇಶಕರು ಕೆ.ವಿ. ರೆಡ್ಡಿ, ಬರೆದವರು ಪಿಂಗಳಿ ನಾಗೇಂದ್ರ ರಾವ್, ಸಂಗೀತ ಘಂಟಸಾಲ, ಕ್ಯಾಮೆರಾ ಮಾರ್ಕಸ್ ಬಾರ್ಟ್ಲೆ. ಎನ್.ಟಿ. ರಾಮರಾವ್ ಮನೆಮಾತಾದದ್ದು ಈ ಮಾಲಿಯ ಮಗನ ಪಾತ್ರದಿಂದ. ನೇಪಾಳದ ಮಾಂತ್ರಿಕನಾದ ಎಸ್.ವಿ. ರಂಗರಾವ್ ಅವರಿಗೆ ಆಗ 33 ಕೂಡ ತುಂಬಿರಲಿಲ್ಲ. ಆದರೂ ಆ ಗಡ್ಡ, ಆ ಕಣ್ಣು, ಮಾತನ್ನು ಎಳೆದು ಬಿಡುವ ಆ ಧಾಟಿ ನೋಡಿದವರಿಗೆ ನೂರು ವರ್ಷದ ಮುದುಕನೇ ಎದುರು ನಿಂತ ಹಾಗಿರುತ್ತಿತ್ತು. 1952ರಲ್ಲಿ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆದಾಗ ಈ ಚಿತ್ರ ಅಲ್ಲಿಗೂ ಹೋಗಿತ್ತು.

ನಾನು ಇದನ್ನು ನೋಡಿದ್ದು ಬಿಡುಗಡೆಯಾಗಿ ಇಪ್ಪತ್ತು ವರ್ಷಕ್ಕೂ ಮೇಲೆ, ಪಾವಗಡ ಸೀಮೆಯ ಒಂದು ಟೆಂಟಿನಲ್ಲಿ. ನಮ್ಮ ಕಡೆ ಕನ್ನಡ ತೆಲುಗು ಎರಡೂ ಒಂದೇ ಬಾಯಲ್ಲಿ ಆಡುವ ಮಾತುಗಳು. ಬೇಲಿಯಾಚೆಯ ಊರು ಆಂಧ್ರ, ಈಚೆಯದು ಮೈಸೂರು. ಹಾಗಾಗಿ ಮದ್ರಾಸಿನಲ್ಲಿ ತಯಾರಾದ ಜಾನಪದ ಚಿತ್ರಗಳ ಹಳೆಯ ಪ್ರಿಂಟುಗಳು ಊರೂರು ಸುತ್ತಿ ಸವೆದು, ಮಳೆ ಸುರಿದಂತೆ ಗೀರು ಬಿದ್ದ ಮೇಲೂ ನಮ್ಮಲ್ಲಿಗೆ ಬರುತ್ತಿದ್ದವು. ಸಂಜೆ ಟೆಂಟಿನ ಮೇಲಿನ ಸ್ಪೀಕರಿನಲ್ಲಿ ಘಂಟಸಾಲ ಹಾಡಿದ ತಿಮ್ಮಪ್ಪನ ಭಕ್ತಿಗೀತೆ ಕೇಳಿಸಿತೆಂದರೆ ಆಟ ಶುರುವಾಗುತ್ತದೆ ಎಂದೇ ಲೆಕ್ಕ. ಒಲೆ ಆರಿಸಿ, ಕೊಟ್ಟಿಗೆಯ ಬಾಗಿಲು ಎಳೆದುಕೊಂಡು ಹೆಂಗಸರು ಹೊರಡುತ್ತಿದ್ದರು.

ನಮ್ಮಜ್ಜಿ ಸಿನಿಮಾಕ್ಕೆ ಬರುತ್ತಿದ್ದುದು ಎರಡೇ ಬಗೆಯದಕ್ಕೆ. ಒಂದು ದೇವರ ಚಿತ್ರ, ಇನ್ನೊಂದು ಮಾಂತ್ರಿಕನ ಚಿತ್ರ. ಸಂಸಾರದ ಗೋಳಿನ ಚಿತ್ರಗಳಿಗೆ ಕರೆದರೆ, "ಅದನ್ನ ನೋಡಕ್ಕೆ ದುಡ್ಡು ಯಾಕ್ ಕೊಡ್ಬೇಕು, ನಮ್ಮ ಕೇರೀಲೇ ಐತಲ್ಲ" ಅನ್ನುತ್ತಿದ್ದಳು. 'ಪಾತಾಳ ಭೈರವಿ'ಗೆ ಮಾತ್ರ ಚಾಪೆ ಸುತ್ತಿಕೊಂಡು ಎಲ್ಲರಿಗಿಂತ ಮುಂಚೆ ಹೊರಟಳು. ನೆಲದಲ್ಲಿ ಮರಳು ಗುಡ್ಡೆ ಮಾಡಿಕೊಂಡು ಕೂತದ್ದು, ಅಜ್ಜಿಯ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಚಿಕ್ಕಪ್ಪನ ಮಕ್ಕಳು, ಹಿಂದಿನ ಬೆಂಚಿನಲ್ಲಿ ಅಪ್ಪ, ಅವರ ಸ್ನೇಹಿತರು.

ಮಾಂತ್ರಿಕನಿಗೆ ಬೇಕಾಗಿರುವುದು ಒಬ್ಬ ಸಾಹಸಿ ಯುವಕ. ಅವನನ್ನು ಪಾತಾಳ ಭೈರವಿಗೆ ಬಲಿ ಕೊಟ್ಟರೆ ದೇವಿ ಒಲಿಯುತ್ತಾಳೆ, ಕೇಳಿದ್ದನ್ನು ಕೊಡುವ ಪುಟ್ಟ ವಿಗ್ರಹ ಕೈಗೆ ಬರುತ್ತದೆ. ಸಿರಿ ಹುಡುಕಿಕೊಂಡು ಹೊರಟ ರಾಮುಡು ಅವನ ಕಣ್ಣಿಗೆ ಬೀಳುತ್ತಾನೆ. ನಿನ್ನನ್ನು ಸಿರಿವಂತನನ್ನಾಗಿ ಮಾಡುತ್ತೇನೆ ಎಂದು ನಂಬಿಸಿ ಗುಹೆಗೆ ಕರೆದೊಯ್ಯುತ್ತಾನೆ. ದಾರಿಯ ಗಂಡಾಂತರಗಳನ್ನೆಲ್ಲ ಹುಡುಗ ಗೆದ್ದ ಮೇಲೆ, ದೇವಿಯ ಮುಂದೆ ನಿಲ್ಲುವ ಮೊದಲು ಕೊಳದಲ್ಲಿ ಮಿಂದು ಬಾ ಅನ್ನುತ್ತಾನೆ. ನಮ್ಮಜ್ಜಿ ಕೂತಲ್ಲಿಂದಲೇ ಕೂಗಿದಳು: "ಲೇ ಮಗಾ, ನೀರಿಗಿಳೀಬೇಡ್ವೋ!" ಟೆಂಟಿನಲ್ಲಿ ಯಾರೂ ನಗಲಿಲ್ಲ, ಅಲ್ಲಿದ್ದ ಹೆಂಗಸರೆಲ್ಲ ಮನಸ್ಸಿನಲ್ಲಿ ಅದನ್ನೇ ಕೂಗುತ್ತಿದ್ದರು. ಅವನು ಇಳಿದ. ಮೊಸಳೆ ಬಂತು. ಅದನ್ನು ಕೊಂದಾಗ ಶಾಪ ಕಳೆದುಕೊಂಡ ಒಬ್ಬ ದೇವಕನ್ಯೆ ಎದ್ದು ನಿಂತು, ನಿನ್ನನ್ನು ಇಲ್ಲಿಗೆ ತಂದದ್ದು ಬಲಿಗೆ ಎಂದು ಗುಟ್ಟು ಹೇಳಿದಳು. ಆಮೇಲೆ ಬಲಿಪೀಠದ ಮುಂದೆ ಉರುಳಿದ ತಲೆ ಮಾಂತ್ರಿಕನದು.

ಅಲ್ಲಿಗೆ ಕಥೆ ಅರ್ಧ. ವಿಗ್ರಹ ಸಿಕ್ಕಿತು, ಅರಮನೆ ಎದ್ದಿತು, ಮದುವೆಯ ಹೊತ್ತೂ ಬಂತು. ಅಷ್ಟರಲ್ಲಿ ಸತ್ತ ಮಾಂತ್ರಿಕನನ್ನು ಶಿಷ್ಯ ಸದಾಜಪ ಮೂಲಿಕೆ ತಂದು ಎಬ್ಬಿಸುತ್ತಾನೆ, ವಿಗ್ರಹ ಕಳುವಾಗುತ್ತದೆ, ಅರಮನೆ, ರಾಜಕುಮಾರಿ ಎಲ್ಲ ಮಾಯ. ಹುಡುಗ ಮತ್ತೆ ಬರಿಗೈ. ಈ ಬರಿಗೈಯಾಗುವ ಗಳಿಗೆಯೇ ಚಿತ್ರದ ಪ್ರಾಣ ಎಂದು ನನಗೆ ಈಗ ತೋರುತ್ತದೆ. ಮೊದಲ ಸಲ ದೇವಿ ಒಲಿದಿದ್ದಳು. ಎರಡನೆಯ ಸಲ ಅವನ ಬಳಿ ಉಳಿದದ್ದು ತನ್ನ ಧೈರ್ಯ, ಗೆಳೆಯನ ಬುದ್ಧಿ ಎರಡೇ. ಮಾಂತ್ರಿಕನ ಶಕ್ತಿ ಇರುವುದು ಗಡ್ಡದಲ್ಲಿ ಎಂದು ತಿಳಿದು, ಅವನೇ ಒಪ್ಪಿ ಗಡ್ಡ ಬೋಳಿಸಿಕೊಳ್ಳುವಂತೆ ಉಪಾಯ ಹೂಡಿ ಗೆಲ್ಲುತ್ತಾರೆ. ನಮ್ಮ ಹಳ್ಳಿಯ ಅಜ್ಜಿಕಥೆಗಳಲ್ಲೂ ಹೀಗೇ. ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗಿದೆ ಎಂದು ಹೆಣ್ಣು ಉಪಾಯದಿಂದ ತಿಳಿದುಕೊಳ್ಳುತ್ತಾಳೆ, ಹುಡುಗ ನಡೆದು ಹೋಗಿ ಗಿಳಿ ಹಿಡಿದು ತರುತ್ತಾನೆ. ತೋಳ್ಬಲದಿಂದ ರಾಕ್ಷಸನನ್ನು ಗೆದ್ದ ಕಥೆಯನ್ನು ನಮ್ಮಜ್ಜಿ ನನಗೆ ಹೇಳಿದ್ದೇ ಇಲ್ಲ.

'ಪಾತಾಳ ಭೈರವಿ' ಬಂದ ಮನೆಯಿಂದಲೇ ಮಕ್ಕಳ ಪತ್ರಿಕೆ 'ಚಂದಮಾಮ'ವೂ ಬಂದದ್ದು. ವಿಜಯಾ ಸಂಸ್ಥೆಯ ನಾಗಿರೆಡ್ಡಿ, ಚಕ್ರಪಾಣಿ ಇಬ್ಬರೂ 1947ರ ಜುಲೈಯಲ್ಲಿ ತೆಲುಗು, ತಮಿಳಿನಲ್ಲಿ ಪತ್ರಿಕೆ ಶುರುಮಾಡಿ, ಬೇಗನೆ ಕನ್ನಡಕ್ಕೂ ತಂದರು. ಎಂ.ಟಿ.ವಿ. ಆಚಾರ್ಯರ ಮುಖಪುಟಗಳನ್ನು ಕಂಡವರು ಮರೆತಿರಲಾರರು. ತಿಂಗಳು ಪೂರ್ತಿ ಪುಟದಲ್ಲಿ ನೋಡಿದ ಗುಹೆ, ಕೋಟೆ, ಗಿಡುಗನ ಮೂಗಿನ ಮಂತ್ರವಾದಿ ಟೆಂಟಿನ ಪರದೆಯ ಮೇಲೆ ಅಲುಗಾಡುವಾಗ ಹೊಸ ಲೋಕವೊಂದನ್ನು ನೋಡುತ್ತಿದ್ದೇವೆ ಅನ್ನಿಸುತ್ತಿರಲಿಲ್ಲ, ಗೊತ್ತಿದ್ದ ಊರಿಗೇ ಮತ್ತೆ ಹೋದ ಹಾಗಿರುತ್ತಿತ್ತು. 2013ರ ಹೊತ್ತಿಗೆ ಆ ಪತ್ರಿಕೆಯೂ ನಿಂತಿತು.

ಮಾರನೆಯ ದಿನ ಟೆಂಟಿನ ಹಿಂದೆ ತುಂಡು ಫಿಲಂ ಆಯುವುದು ನಮ್ಮ ಕೆಲಸ. ರೀಲು ಕಡಿದಾಗ ಆಪರೇಟರು ಕತ್ತರಿಸಿ ಎಸೆದ ನಾಲ್ಕೈದು ಫ್ರೇಮುಗಳಿಗೆ ಗೋಲಿ, ಬೆಂಕಿಪೊಟ್ಟಣದ ಚಿತ್ರ ಎಲ್ಲ ಕೊಟ್ಟು ವಿನಿಮಯ ನಡೆಯುತ್ತಿತ್ತು. ಕೆಟ್ಟುಹೋದ ಬಲ್ಬಿನ ಬುಡ ಬಿಚ್ಚಿ ನೀರು ತುಂಬಿ, ಅದರ ಮುಂದೆ ಫಿಲಂ ಹಿಡಿದು, ಹೊರಗಿನಿಂದ ಒಬ್ಬ ಕನ್ನಡಿಯಲ್ಲಿ ಬಿಸಿಲು ಬಿಟ್ಟರೆ ಕತ್ತಲೆ ಕೋಣೆಯ ಗೋಡೆಯ ಮೇಲೆ ಚಿತ್ರ ಮೂಡುತ್ತಿತ್ತು. ನನಗೆ ಸಿಕ್ಕಿದ್ದ ತುಂಡಿನಲ್ಲಿ ಯಾರ ಮುಖವೂ ಇರಲಿಲ್ಲ. ಒಂದು ಗುಹೆಯ ಬಾಗಿಲು, ಪಕ್ಕದಲ್ಲಿ ಉರಿಯುವ ಪಂಜು, ಅಷ್ಟೇ. ಅದನ್ನು ಗೋಡೆಯ ಮೇಲೆ ಬಿಟ್ಟು, ಒಳಗೆ ಏನಿದೆ ಎಂದು ನಾವು ನಾವೇ ಕಥೆ ಕಟ್ಟುತ್ತಿದ್ದೆವು.

ದೊಡ್ಡವನಾದ ಮೇಲೆ ಈ ಮಾಯೆಗಳನ್ನು ಹೇಗೆ ಮಾಡುತ್ತಿದ್ದರು ಎಂದು ಓದಿ ಕೇಳಿ ತಿಳಿದುಕೊಂಡೆ. ತಿಳಿದ ಮೇಲೆ ಬೆರಗು ಇಮ್ಮಡಿಯಾಯಿತು. ಮಾಂತ್ರಿಕನ ಅಂಗೈಯ ಮೇಲೆ ಬೆರಳುದ್ದದ ಹುಡುಗಿ ಕುಣಿಯಬೇಕು ಅನ್ನಿ. ಮೊದಲು ಲೆನ್ಸಿನ ಮುಂದೆ ಕಪ್ಪು ರಟ್ಟು ಇಟ್ಟು, ಹುಡುಗಿ ಬರಬೇಕಾದ ಜಾಗವನ್ನಷ್ಟೇ ಮುಚ್ಚಿ, ಮಾಂತ್ರಿಕನನ್ನು ಚಿತ್ರೀಕರಿಸುತ್ತಾರೆ. ನಟ ಬರಿದಾದ ಅಂಗೈಯನ್ನು ನೋಡುತ್ತ, ಅಲ್ಲಿ ಇಲ್ಲದವಳ ಹೆಜ್ಜೆಗೆ ತಕ್ಕಂತೆ ಕಣ್ಣು ಹೊರಳಿಸಬೇಕು. ಆಮೇಲೆ ಕ್ಯಾಮೆರಾದೊಳಗಿನ ಫಿಲಮ್ಮನ್ನು ಎಣಿಸಿಕೊಂಡು ಹಿಂದಕ್ಕೆ ಸುತ್ತಿ, ಈಗ ಮಿಕ್ಕ ಭಾಗ ಮುಚ್ಚಿ, ಹುಡುಗಿಯನ್ನು ಕಪ್ಪು ಮಖಮಲ್ಲಿನ ಮುಂದೆ ದೂರದಲ್ಲಿ ನಿಲ್ಲಿಸಿ ಅದೇ ಫಿಲಮ್ಮಿನ ಮೇಲೆ ಮತ್ತೊಮ್ಮೆ ಚಿತ್ರೀಕರಣ. ಎಣಿಕೆ ಸ್ವಲ್ಪ ತಪ್ಪಿದರೂ ಕುಣಿತ ಒಂದು ಕಡೆ, ನೋಟ ಒಂದು ಕಡೆ. ರಟ್ಟು ಕೂದಲೆಳೆಯಷ್ಟು ಸರಿದರೂ ಹುಡುಗಿಯ ಪಾದ ಅಂಗೈಯಲ್ಲಿ ಹೂತುಹೋಗುತ್ತದೆ. ಸರಿಯಾಯಿತೋ ಇಲ್ಲವೋ ಗೊತ್ತಾಗುವುದು ಲ್ಯಾಬಿನಿಂದ ಪ್ರಿಂಟು ಬಂದ ಮೇಲೆ. ಮನುಷ್ಯ ಮಾಯವಾಗುವುದು, ಬಾಣ ತಿರುಗಿ ಬತ್ತಳಿಕೆಗೆ ಬರುವುದು, ಕತ್ತರಿಸಿದ ರುಂಡ ಮಾತಾಡುವುದು, ಎಲ್ಲಕ್ಕೂ ಹೀಗೆ ಕೈ ನಡುಗದ ಒಬ್ಬ ಕ್ಯಾಮೆರಾಮನ್, ಉಸಿರು ಬಿಗಿಹಿಡಿದು ನಿಂತ ನಟರು ಬೇಕಾಗಿತ್ತು.

ಈ ವಿದ್ಯೆಯಲ್ಲಿ ನಮ್ಮವರದೇ ಒಂದು ದೊಡ್ಡ ಹೆಸರಿದೆ: ಬಿ. ವಿಠಲಾಚಾರ್ಯ. ಉಡುಪಿ ಬಳಿಯ ಉದ್ಯಾವರದಲ್ಲಿ 1920ರಲ್ಲಿ ಹುಟ್ಟಿ, ಅರಸೀಕೆರೆಯಲ್ಲಿ ಟೂರಿಂಗ್ ಟಾಕೀಸು ನಡೆಸಿ, ಆಮೇಲೆ ಮೈಸೂರಿನಲ್ಲಿ ಡಿ. ಶಂಕರ್ ಸಿಂಗ್ ಅವರ ಜೊತೆಗೂಡಿ ಮಹಾತ್ಮ ಪಿಕ್ಚರ್ಸ್ ಕಟ್ಟಿದವರು. ಜನ ಯಾವ ದೃಶ್ಯಕ್ಕೆ ಬಾಯಿ ಬಿಟ್ಟು ನೋಡುತ್ತಾರೆ, ಎಲ್ಲಿ ಎದ್ದು ಬೀಡಿ ಸೇದಲು ಹೊರಗೆ ಹೋಗುತ್ತಾರೆ ಎಂಬುದನ್ನು ಟೆಂಟು ನಡೆಸಿದವರಷ್ಟು ಚೆನ್ನಾಗಿ ಯಾರು ಬಲ್ಲರು? 1949ರಲ್ಲಿ 'ನಾಗಕನ್ನಿಕಾ', 1951ರಲ್ಲಿ ಶಂಕರ್ ಸಿಂಗ್ ನಿರ್ದೇಶನದ 'ಜಗನ್ಮೋಹಿನಿ'. 'ಪಾತಾಳ ಭೈರವಿ' ಬಂದ ವರ್ಷವೇ ನಮ್ಮ ಮೈಸೂರಿನವರು ಕನ್ನಡದಲ್ಲಿ ಇಂಥದೊಂದು ಚಿತ್ರ ಮಾಡಿ ಗೆದ್ದಿದ್ದರು ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಮದ್ರಾಸಿಗೆ ಹೋದ ವಿಠಲಾಚಾರ್ಯರು ತೆಲುಗಿನವರಿಗೆ 'ಜಾನಪದ ಬ್ರಹ್ಮ' ಆದರು. 1963ರಲ್ಲಿ ರಾಜಕುಮಾರ್ ಅವರಿಗೆ 'ವೀರಕೇಸರಿ', ಅದೇ ಕಥೆಯನ್ನು ತೆಲುಗಿನಲ್ಲಿ ರಾಮರಾವ್ ಅವರಿಗೆ 'ಬಂದಿಪೋಟು' ಮಾಡಿದರು. 1978ರಲ್ಲಿ ತೆಲುಗು 'ಜಗನ್ಮೋಹಿನಿ' ಬಂದಾಗ, ಅದರಲ್ಲಿ ದೆವ್ವ ಸೌದೆಗೆ ಬದಲು ತನ್ನ ಕಾಲನ್ನೇ ಒಲೆಗೆ ಒಡ್ಡುವ ದೃಶ್ಯವನ್ನು ಕಂಡ ಮಕ್ಕಳು ಎಷ್ಟೋ ದಿನ ಅಡುಗೆಮನೆಗೆ ಒಬ್ಬರೇ ಹೋಗುತ್ತಿರಲಿಲ್ಲ. ಕಡಿಮೆ ದುಡ್ಡಿನಲ್ಲಿ, ಇದ್ದ ಸೆಟ್ಟನ್ನೇ ತಿರುಗಿಸಿ ಮುರುಗಿಸಿ, ಹೇಳಿದ ದಿನಕ್ಕೆ ಚಿತ್ರ ಮುಗಿಸುತ್ತಿದ್ದರು. 1999ರಲ್ಲಿ ತೀರಿಕೊಂಡರು. ಕರ್ನಾಟಕದಲ್ಲಿ ಅವರಿಗೆ ಸಲ್ಲಬೇಕಾದಷ್ಟು ಗೌರವ ಸಲ್ಲಲಿಲ್ಲ ಎಂದೇ ನನ್ನ ಅಭಿಪ್ರಾಯ.

ನನ್ನನ್ನು ಹೆಚ್ಚು ನೋಯಿಸುವ ಸಂಗತಿ ಇನ್ನೊಂದಿದೆ. ಆ 1951ರ ಕನ್ನಡ 'ಜಗನ್ಮೋಹಿನಿ'ಯನ್ನು ನೋಡಬೇಕೆಂದು ಬಹಳ ಹುಡುಕಿದ್ದೇನೆ. ಹಾಡಿನ ಪುಸ್ತಕದ ಮಾತು ಕೇಳಿದ್ದೇನೆ, ಅದರಲ್ಲಿ ನಟಿಸಿದ ಹರಿಣಿಯವರ ಒಂದೆರಡು ಸ್ಥಿರಚಿತ್ರ ಕಂಡಿದ್ದೇನೆ. ಚಿತ್ರ ನೋಡಲು ಸಿಕ್ಕಿಲ್ಲ. ಕನ್ನಡದ ಮೊದಲ ಮಾತಿನ ಚಿತ್ರ, 1934ರ 'ಸತಿ ಸುಲೋಚನಾ'ದ ಪ್ರಿಂಟೇ ಉಳಿದಿಲ್ಲ ಎಂದ ಮೇಲೆ ಮಾಂತ್ರಿಕನ ಚಿತ್ರಗಳನ್ನು ಯಾರು ಕಾಪಾಡಿಯಾರು? ಆ ಕಾಲದ ನೈಟ್ರೇಟ್ ಫಿಲಂ ಬೆಂಕಿ ಕಂಡರೆ ಧಗ್ಗನೆ ಹತ್ತಿಕೊಳ್ಳುವಂಥದು. ಆಮೇಲೆ ಬಂದ ಅಸಿಟೇಟ್ ಫಿಲಂ ಸೆಕೆಗೆ, ತೇವಕ್ಕೆ ಹುಳಿತು ಹೋಗುತ್ತದೆ, ಡಬ್ಬಿ ತೆರೆದರೆ ವಿನೆಗರ್ ವಾಸನೆ. ಇವೆರಡರಿಂದ ಪಾರಾದದ್ದನ್ನು ಬೆಳ್ಳಿಗಾಗಿ ಮಾರಿದರು. ಕಪ್ಪುಬಿಳುಪು ಫಿಲಮ್ಮಿನ ಲೇಪದಲ್ಲಿ ಬೆಳ್ಳಿ ಇರುತ್ತದೆ. ಓಡುವುದು ನಿಂತ ಪ್ರಿಂಟನ್ನು ಗುಜರಿಗೆ ಹಾಕಿದರೆ ಆ ಬೆಳ್ಳಿ ತೊಳೆದು ತೆಗೆದು, ಉಳಿದ ಹಾಳೆಯನ್ನು ಬಳೆಗೋ ಇನ್ಯಾವುದಕ್ಕೋ ಬಳಸುತ್ತಿದ್ದರು. ಪುರಾಣದ ಚಿತ್ರಕ್ಕಾದರೆ ಭಕ್ತಿಯ ಕಾವಲಾದರೂ ಇತ್ತು. ಸಾಮಾಜಿಕ ಚಿತ್ರವನ್ನು ವಿಮರ್ಶಕರು ಕೊಂಡಾಡಿದರು. ಜಾನಪದ ಚಿತ್ರವನ್ನು ಓದಿದವರು ಮಕ್ಕಳಾಟ ಎಂದು ಬಿಟ್ಟರು. ಹಳ್ಳಿಯವರು ಮೆಚ್ಚಿದ್ದೇ ಅದರ ತಪ್ಪಾಯಿತೇನೋ.

ಮಾಯೆಯ ಚಿತ್ರಗಳು ಈಗಲೂ ಬರುತ್ತಿವೆಯಲ್ಲ, ಮೊದಲಿಗಿಂತ ದೊಡ್ಡದಾಗಿ ಬರುತ್ತಿವೆಯಲ್ಲ ಎಂದು ಕೇಳಬಹುದು. ಬರುತ್ತಿವೆ, ನಾನೂ ನೋಡುತ್ತೇನೆ. ಕಂಪ್ಯೂಟರಿನಲ್ಲಿ ಕೆಲಸ ಮಾಡುವ ಹುಡುಗರ ಶ್ರಮ ಹಳಬರ ಶ್ರಮಕ್ಕಿಂತ ಕಡಿಮೆಯದಲ್ಲ. ನನ್ನ ಸಂಕಟ ಇರುವುದು ಕಥೆಯ ಹುಡುಗನ ಬಗ್ಗೆ. 1994ರಲ್ಲಿ ಸಿಂಗೀತಂ ಶ್ರೀನಿವಾಸ ರಾವ್ ತೆಲುಗಿನಲ್ಲಿ 'ಭೈರವ ದ್ವೀಪಂ' ಮಾಡಿದರು. ಕೆ.ವಿ. ರೆಡ್ಡಿಯವರ ಗರಡಿಯಲ್ಲಿ ಪಳಗಿದವರು ಅವರು. ನಮಗೆ 'ಹಾಲು ಜೇನು', 'ಚಲಿಸುವ ಮೋಡಗಳು' ಕೊಟ್ಟವರೂ ಅವರೇ. ಹಳೆಯ ಧಾಟಿಯ ಕೊನೆಯ ದೊಡ್ಡ ಚಿತ್ರ ಅದು ಎಂದು ನಾನು ನಂಬಿದ್ದೇನೆ. ರಾಜಕುಮಾರಿಯ ಪ್ರಾಣ ಉಳಿಸಲು ನಾಯಕ ತನ್ನ ರೂಪವನ್ನೇ ತೆತ್ತು ಕುರೂಪಿಯಾಗುತ್ತಾನೆ. ಮಾಯೆಗೆ ಬೆಲೆ ತೆರಬೇಕು ಎಂಬ ಹಳೆಯ ಧರ್ಮ ಅಲ್ಲಿ ಉಳಿದಿತ್ತು. ಆದರೆ ಅಲ್ಲೂ ಕಾಡಿನ ಜನರ ನಡುವೆ ಬೆಳೆದ ಆ ಹುಡುಗ ಹುಟ್ಟಿನಿಂದ ರಾಜನ ಮಗ. 2015ರಲ್ಲಿ ದೇಶಕ್ಕೆ ದೇಶವೇ ಮುಗಿಬಿದ್ದು ನೋಡಿದ 'ಬಾಹುಬಲಿ'ಯಲ್ಲೂ ಜಲಪಾತದ ಕೆಳಗೆ ಬೆಳೆದವನ ಮೈಯಲ್ಲಿ ಹರಿಯುವುದು ರಾಜರಕ್ತವೇ. ಅವನು ಬೆಟ್ಟ ಹತ್ತುವುದು, ಲಿಂಗ ಹೊರುವುದು ಎಲ್ಲಕ್ಕೂ ಆ ರಕ್ತವೇ ಕಾರಣ ಎಂದು ಚಿತ್ರ ಆಮೇಲೆ ಹೇಳುತ್ತದೆ.

ತೋಟ ರಾಮುಡುವಿಗೆ ಅಂಥ ಗುಟ್ಟು ಯಾವುದೂ ಇರಲಿಲ್ಲ. ಕೊನೆಯ ರೀಲಿನಲ್ಲಿ ಯಾರೂ ಬಂದು, ನೀನು ಇಂಥ ಮಹಾರಾಜನ ಮಗ ಎಂದು ಹೇಳುವುದಿಲ್ಲ. ಮಾಲಿಯ ಮಗನಾಗಿ ಹೊರಟ, ಮಾಲಿಯ ಮಗನಾಗಿಯೇ ಗೆದ್ದ. ಮರಳಿನ ಮೇಲೆ ಕೂತ ಕುರಿ ಕಾಯುವ ಹುಡುಗನಿಗೆ, ಜೀತಕ್ಕಿದ್ದ ಹುಡುಗನಿಗೆ ಇದಕ್ಕಿಂತ ದೊಡ್ಡ ಮಾತನ್ನು ಯಾರು ಹೇಳಿದ್ದರು? ಸ್ವಾತಂತ್ರ್ಯ ಬಂದು ನಾಲ್ಕು ವರ್ಷವೂ ತುಂಬದ ಆ ಹೊತ್ತಿನಲ್ಲಿ ಊರೂರ ಟೆಂಟುಗಳಲ್ಲಿ ಜನ ಅವನಿಗಾಗಿ ಶಿಳ್ಳೆ ಹಾಕಿದ್ದು ಸುಮ್ಮನೆ ಅಲ್ಲ. ನಮ್ಮ ಕೇರಿಯ ಹುಡುಗರಲ್ಲಿ ಒಬ್ಬ ಎಷ್ಟೋ ದಿನ ತನ್ನ ಹೆಸರಿನ ಹಿಂದೆ 'ತೋಟ' ಸೇರಿಸಿ ಕರೆಸಿಕೊಳ್ಳುತ್ತಿದ್ದ. ಅವನ ಅಪ್ಪ ಪರರ ತೆಂಗಿನ ತೋಟಕ್ಕೆ ನೀರು ಕಟ್ಟುತ್ತಿದ್ದವರು. ಅದಕ್ಕಿಂತ ಮುಂಚೆ ಆ ಕೆಲಸದ ಮಾತೆತ್ತಿದರೆ ಅವನು ತಲೆ ತಗ್ಗಿಸುತ್ತಿದ್ದ.

ಜೊತೆಯಲ್ಲಿ ಕೂತು ನೋಡುವುದೂ ಹೋಯಿತು. ಈಗ ಮನೆಯಲ್ಲಿ ಅಜ್ಜಿಗೆ ಧಾರಾವಾಹಿ, ಮಗನಿಗೆ ಮೊಬೈಲು, ಮೊಮ್ಮಗಳಿಗೆ ಇನ್ನೊಂದು ಮೊಬೈಲು. ಫ್ಯಾಂಟಸಿ ಚಿತ್ರಗಳಲ್ಲಿ ಹರಿಯುವ ರಕ್ತ ನೋಡಿದರೆ ಆರು ವರ್ಷದ ಮಗುವನ್ನು ಪಕ್ಕ ಕೂರಿಸಿಕೊಳ್ಳಲು ಮನಸ್ಸು ಬರುವುದಿಲ್ಲ. ಹೆದರಿಸುವುದು ಹಳೆಯ ಚಿತ್ರಗಳಲ್ಲೂ ಇತ್ತು, ಚೆನ್ನಾಗಿಯೇ ಇತ್ತು. ಆದರೆ ಹೆದರಿದ ಮಗು ಅವಿತುಕೊಳ್ಳಲು ಪಕ್ಕದಲ್ಲಿ ಒಂದು ಸೆರಗಿತ್ತು.

ಮದ್ರಾಸಿನ ವಡಪಳನಿಯಲ್ಲಿದ್ದ ವಿಜಯಾ ಸ್ಟುಡಿಯೋ ಜಾಗದಲ್ಲಿ ಈಗ ಆಸ್ಪತ್ರೆ, ಮಾಲ್ ಇವೆ. ಆ ಮಾಲಿನೊಳಗೆ ಬಹುಪರದೆಯ ಚಿತ್ರಮಂದಿರವೂ ಉಂಟು. ನಮ್ಮ ಊರಿನ ಟೆಂಟಿನ ಜಾಗ ಸೈಟುಗಳಾಗಿ ಮನೆಗಳೆದ್ದಿವೆ. ಸಮಾಧಾನದ ಸಂಗತಿ ಎಂದರೆ, 1885ರಲ್ಲಿ ಕಡಪ ಜಿಲ್ಲೆಯಲ್ಲಿ ಹುಟ್ಟಿದ ಸುರಭಿ ನಾಟಕ ಕಂಪನಿಯ ಮನೆತನದವರು 'ಪಾತಾಳ ಭೈರವಿ'ಯನ್ನು ರಂಗದ ಮೇಲೆ ಆಡುತ್ತ ಬಂದಿದ್ದಾರೆ. ನಮ್ಮ ಬಿ.ವಿ. ಕಾರಂತರು ಆ ತಂಡಕ್ಕೆ ನಾಟಕ ಆಡಿಸಿದ್ದವರು. ಮಕ್ಕಳ ಕಣ್ಣೆದುರೇ ಹೊಗೆ ಏಳುತ್ತದೆ, ಪರದೆ ಸರಿಯುತ್ತದೆ, ತಂತಿಯ ಮೇಲೆ ಮನುಷ್ಯ ಹಾರುತ್ತಾನೆ. ತಂತಿ ಕಂಡರೂ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಕನ್ನಡದಲ್ಲಿ ಅಂಥದೊಂದು ಕಂಪನಿ ಉಳಿಯಲಿಲ್ಲವಲ್ಲ ಎಂಬ ಕೊರಗು ನನಗೆ ಹೋಗುವುದಿಲ್ಲ.

ಓದುಗರಲ್ಲಿ ನನ್ನದು ಒಂದು ಕೋರಿಕೆ. ನಿಮ್ಮ ಮನೆತನದಲ್ಲಿ ಯಾರಾದರೂ ಟೂರಿಂಗ್ ಟಾಕೀಸು ನಡೆಸಿದ್ದರೆ, ಹಂಚಿಕೆದಾರರಾಗಿದ್ದರೆ, ಆಪರೇಟರ್ ಆಗಿದ್ದರೆ ಅಟ್ಟದ ಮೇಲೊಮ್ಮೆ ಹತ್ತಿ ನೋಡಿ. ತುಕ್ಕು ಹಿಡಿದ ಫಿಲಂ ಡಬ್ಬಿ, ಹಾಡಿನ ಪುಸ್ತಕ, ಗಾಡಿಯಿಂದ ಹಂಚುತ್ತಿದ್ದ ಬಣ್ಣದ ಕಾಗದದ ನೋಟೀಸು, ಏನೇ ಸಿಕ್ಕರೂ ಗುಜರಿಗೆ ಹಾಕಬೇಡಿ. ಫಿಲಂ ಇದ್ದರೆ ಒಲೆಯಿಂದ, ದೀಪದಿಂದ ದೂರ ಇಟ್ಟು, ಪುಣೆಯ ರಾಷ್ಟ್ರೀಯ ಫಿಲಂ ಸಂಗ್ರಹಾಲಯಕ್ಕೋ ಬೆಂಗಳೂರಿನ ಚಲನಚಿತ್ರ ಅಕಾಡೆಮಿಗೋ ಒಂದು ಪತ್ರ ಬರೆಯಿರಿ. ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಮೈಸೂರಿನವರ 'ಜಗನ್ಮೋಹಿನಿ' ನೋಡಿದ್ದಿರಾ ಎಂದು ಕೇಳಿ. ನೋಡಿದ್ದರೆ, ಅವರಿಗೆ ನೆನಪಿರುವ ಕಥೆಯನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಈ ಕೆಲಸಕ್ಕೆ ಇನ್ನು ಹೆಚ್ಚು ವರ್ಷಗಳಿಲ್ಲ.